ಕುರ್ಚಿ ಆರಿಸುವವರು ಯಾರು?

ಬೆಂಗಳೂರಿನ ಹಲವು ಕಂಪೆನಿಗಳಲ್ಲಿ ಈಗ ನೌಕರನಿಗೆ ತನ್ನದೆನ್ನುವ ಮೇಜಿಲ್ಲ. 2020ರ ಕೋವಿಡ್ ಬಳಿಕ ವಾರದಲ್ಲಿ ಕೆಲವು ದಿನ ಮಾತ್ರ ಕಚೇರಿಗೆ ಬರುವ ಪದ್ಧತಿ ಬೆಳೆದ ಮೇಲೆ, ಬಂದವರು ಖಾಲಿ ಇರುವ ಮೇಜನ್ನು ಹಿಡಿಯಬೇಕು. ಇದನ್ನು ಸ್ವಾತಂತ್ರ್ಯವೆಂದು ಬಣ್ಣಿಸುವುದುಂಟು. ಅರ್ಥಶಾಸ್ತ್ರ ಓದಿದ ನನಗೆ ಮೊದಲು ಕಾಣುವುದು ಚದರ ಅಡಿಯ ಬಾಡಿಗೆ.

ಇದೇನೂ ಹೊಸತಲ್ಲ. ಅಮೆರಿಕದ ಹರ್ಮನ್ ಮಿಲ್ಲರ್ ಸಂಸ್ಥೆಗಾಗಿ ರಾಬರ್ಟ್ ಪ್ರಾಪ್ಸ್ಟ್ 1960ರ ದಶಕದಲ್ಲಿ ‘ಆಕ್ಷನ್ ಆಫೀಸ್’ ಎಂಬ ಪೀಠೋಪಕರಣ ವ್ಯವಸ್ಥೆಯನ್ನು ರೂಪಿಸಿದರು. ದಿನವಿಡೀ ಒಂದೇ ಭಂಗಿಯಲ್ಲಿ ಕೂರುವುದು ದೇಹಕ್ಕೂ ಬುದ್ಧಿಗೂ ಒಳ್ಳೆಯದಲ್ಲವೆಂದು ನಂಬಿದ್ದ ಅವರು, ನಿಂತು ಕೆಲಸ ಮಾಡುವ ಮೇಜನ್ನೂ ಅದರಲ್ಲಿ ಸೇರಿಸಿದ್ದರು. 1968ರ ಎರಡನೆಯ ಆವೃತ್ತಿಯಲ್ಲಿ ಬೇಕಾದ ಕೋನಕ್ಕೆ ಜೋಡಿಸಬಲ್ಲ ಹಲಗೆಗಳು ಬಂದವು. ಕೊಂಡವರು ಅವನ್ನು ಚಚ್ಚೌಕವಾಗಿ ನಿಲ್ಲಿಸಿ, ಅಷ್ಟೇ ಜಾಗದಲ್ಲಿ ಹೆಚ್ಚು ಜನರನ್ನು ತುಂಬಿದರು. ಕಟ್ಟಿದ ಗೋಡೆಗಿಂತ ಕಳಚಬಹುದಾದ ಹಲಗೆಗೆ ತೆರಿಗೆ ಲೆಕ್ಕದಲ್ಲಿ ಸವಕಳಿ ಬೇಗ ಸಿಗುತ್ತಿದ್ದುದೂ ಅವರಿಗೆ ಅನುಕೂಲವಾಯಿತು. ಕ್ಯೂಬಿಕಲ್ ಹರಡಿದ್ದು ಹೀಗೆ. 2000ದಲ್ಲಿ ತೀರಿಕೊಂಡ ಪ್ರಾಪ್ಸ್ಟ್ ಕೊನೆಗಾಲದಲ್ಲಿ ಇದನ್ನು ಕಂಡು ನೊಂದುಕೊಂಡಿದ್ದರು.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಾಡಿಗೆಯ ಸ್ಥಾನದಲ್ಲಿ ಅಂತಸ್ತು ಕುಳಿತಿದೆ. ಕುರ್ಚಿಯ ಬೆನ್ನು ಹುದ್ದೆಗೆ ತಕ್ಕಷ್ಟು ಎತ್ತರ. ಮೇಲೆ ಹೊದಿಸಿದ ಬಿಳಿ ಟವೆಲ್ಲೇ ಕಿರೀಟ! ಕಡತಗಳು ಕಂಪ್ಯೂಟರ್ ಸೇರುತ್ತಿದ್ದರೂ, ಕೈಬರಹದ ಕಾಲದ ಎತ್ತರದ ಮೇಜುಗಳು ಎಷ್ಟೋ ಕಡೆ ಹಾಗೆಯೇ ಇವೆ. ಅವುಗಳ ಮೇಲೆ ಕೀಬೋರ್ಡ್ ಇಟ್ಟುಕೊಂಡ ಗುಮಾಸ್ತರು ಭುಜ ಎತ್ತಿಕೊಂಡೇ ದಿನ ಕಳೆಯಬೇಕು. ಕುರ್ಚಿ ಏರಿಸಿದರೆ ಪಾದ ನೆಲಕ್ಕೆ ಎಟುಕದು. ಗಿಡ್ಡನೆಯ ಮಹಿಳೆಯರ ಪಾಡು ಕೇಳುವುದೇ ಬೇಡ. ನಾನು ಕಂಡ ಖರೀದಿ ಸಭೆಗಳಲ್ಲಿ ಉಕ್ಕಿನ ದಪ್ಪ, ಬಣ್ಣ, ಗ್ಯಾರಂಟಿ ಎಲ್ಲವೂ ಚರ್ಚೆಗೆ ಬರುತ್ತಿದ್ದವು. ಕೂರುವವರ ಮೊಣಕಾಲಿನ ಎತ್ತರ ಮಾತ್ರ ಬರುತ್ತಿರಲಿಲ್ಲ.

ಕನಿಷ್ಠ ದರದವರಿಗೇ ಕೊಡಬೇಕೆಂಬ ಕಾನೂನಿದೆಯಲ್ಲ ಎಂಬುದು ಸಿದ್ಧ ಉತ್ತರ. ಆದರೆ ಸಾರ್ವಜನಿಕ ಖರೀದಿ ಕುರಿತ ರಾಜ್ಯದ 1999ರ ಪಾರದರ್ಶಕತಾ ಕಾಯ್ದೆ ಹೇಳುವುದು, ಟೆಂಡರ್ ದಾಖಲೆಯಲ್ಲಿ ನಮೂದಿಸಿದ ಮಾನದಂಡಗಳಂತೆ ತೂಗಿದ ಕನಿಷ್ಠ ದರವನ್ನು. ಆ ಮಾನದಂಡಗಳನ್ನು ಬರೆಯುವುದು ಇಲಾಖೆಯೇ. ಎತ್ತರ ಹೊಂದಿಸಬಲ್ಲ ಆಸನ, ಸೊಂಟಕ್ಕೆ ಆಸರೆ, ಕಾಲಿಡಲು ಮಣೆ ಎಂದು ಬರೆಯಲು ಅಡ್ಡಿಯೇನು? ಟೆಂಡರ್ ಕರೆಯುವ ಮುನ್ನ ನಾಲ್ಕು ಬಗೆಯ ಕುರ್ಚಿಗಳನ್ನು ಒಂದು ವಾರ ಶಾಖೆಯಲ್ಲಿರಿಸಿ, ಅವುಗಳಲ್ಲಿ ಕುಳಿತು ಕೆಲಸ ಮಾಡಿದ ವಿಷಯ ನಿರ್ವಾಹಕರ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು ಕಡತಕ್ಕೆ ಸೇರಿಸಲಿ. ಇದಕ್ಕೆ ಶಾಖಾಧಿಕಾರಿಯ ಒಂದು ಟಿಪ್ಪಣಿ ಸಾಕು.