ಮತ್ತೆ ಮೋಟಾರ್ ಸೈಕಲ್ಲನ್ನೇರುವ ಗೃಹಸ್ಥರಿಗೆ

ಮಕ್ಕಳ ವಿದ್ಯಾಭ್ಯಾಸ ವಿವಾಹಾದಿಗಳನ್ನು ತೀರಿಸಿಕೊಂಡು, ಉದ್ಯೋಗದಿಂದ ನಿವೃತ್ತರಾಗಿಯೋ ನಿವೃತ್ತಿಯ ಸಮೀಪಕ್ಕೆ ಬಂದೋ ಇರುವ ಗೃಹಸ್ಥರು, ಯೌವನದಲ್ಲಿ ಬಿಟ್ಟಿದ್ದ ಮೋಟಾರ್ ಸೈಕಲ್ಲನ್ನು ಪುನಃ ಹೊರಗೆ ತೆಗೆಯುವುದು ಈಚೆಗೆ ನಮ್ಮ ಮೈಸೂರಿನಲ್ಲಿ ಆಗಾಗ ಕಾಣಬರುತ್ತಿದೆ. ಇದಕ್ಕೆ ಕಾರಣವೂ ಉಂಟು. 1961ರಿಂದ 1996ರವರೆಗೆ ಈ ಊರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ನಡೆಯುತ್ತಿದ್ದಿತು. ಮೊದಲು ಜಾವಾ ಎಂಬ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಿಂದ ಅಲ್ಲಿ ತಯಾರಾದ ಗಾಡಿಗಳು ಎಷ್ಟೋ ಮನೆಗಳ ಹಿತ್ತಿಲಿನಲ್ಲಿ ಗೋಣಿತಾಟಿನ ಕೆಳಗೆ ಇಂದಿಗೂ ನಿಂತಿವೆ. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಬೇರೊಂದು ಕಂಪನಿಯ ಕೈಯಲ್ಲಿ ಮರುಹುಟ್ಟನ್ನು ಪಡೆದವು. ಅದರೊಡನೆ ಹಳೆಯ ಗಾಡಿಗಳಿಗೂ ಬೆಲೆ ಬಂದಿದೆ. ಬೆಲೆ ಬಂದ ವಸ್ತುವನ್ನರಸಿ ಕಳ್ಳನೂ ಬರುವನಷ್ಟೆ. ಆ ವಿಚಾರವನ್ನು ಕಡೆಯಲ್ಲಿ ಹೇಳುವೆವು.

ಅರುವತ್ತರ ವಯಸ್ಸಿನಲ್ಲಿ ಇದು ತಕ್ಕುದೆ ಎಂದು ಕೆಲವರು ಕೇಳುತ್ತಾರೆ. ಕಣ್ಣು ಕಿವಿ ಮಂಡಿಗಳು ನೆಟ್ಟಗಿದ್ದರೆ ಧಾರಾಳವಾಗಿ ತಕ್ಕುದು ಎಂಬುದೇ ನಮ್ಮ ಅಭಿಪ್ರಾಯ. ನಾವೂ ಕಳೆದ ವರ್ಷ ನಿವೃತ್ತರಾದಮೇಲೆ, ಇಪ್ಪತ್ತು ವರ್ಷ ಮುಟ್ಟದೆ ಇಟ್ಟಿದ್ದ ಯೆಜ್ಡಿಯನ್ನು ತೆಗೆದು, ವಾರಕ್ಕೆರಡು ಸಲ ಬೆಳಗ್ಗೆ ನಂಜನಗೂಡಿನ ಕಡೆಗೆ ಹೋಗಿಬರುತ್ತಿದ್ದೇವೆ. ನಮ್ಮ ಮನೆಯವರು ಮೊದಲು ಒಪ್ಪಲಿಲ್ಲ. "ನೀವು ಬೀಳುವುದಿಲ್ಲ, ಬೀಳಿಸುವವರು ಬಹಳ ಮಂದಿ ಇದ್ದಾರೆ" ಎಂದು ಅವರು ಹೇಳಿದ ಮಾತಿನಲ್ಲಿ ತರ್ಕದೋಷವೇನೂ ಇರಲಿಲ್ಲ. ಆದರೆ ಬೀಳಿಸುವವರ ಪಟ್ಟಿಯಲ್ಲಿ ಲಾರಿ, ಬಸ್ಸು, ಬೀದಿನಾಯಿಗಳನ್ನು ಮಾತ್ರ ಸೇರಿಸಿ, ಹಿತ್ತಿಲಿನಲ್ಲಿ ಸುಮ್ಮನೆ ನಿಂತಿರುವ ಎರಡು ರಬ್ಬರಿನ ಬಳೆಗಳನ್ನು ಸೇರಿಸದಿರುವುದು ಲೋಕದ ವಾಡಿಕೆ.

ನಾವು ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತವನ್ನು ಹೇಳಿದವರು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ವಿಧವಾಗಿ ವಿಭಾಗಿಸಿದೆ. ವೇಗವು ಚಲಿಸುವ ವಸ್ತುವಿನಲ್ಲಿರುವುದು. ಭಾವನೆಯು ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದು. ಅದಕ್ಕೆ ಆತ್ಮವೇ ಆಶ್ರಯ. ಬಾಗಿಸಿದ ವಸ್ತುವನ್ನು ಪುನಃ ಮೊದಲಿನ ಸ್ಥಿತಿಗೆ ತರುವಂಥದು ಸ್ಥಿತಿಸ್ಥಾಪಕ. ಸುತ್ತಿಟ್ಟಿದ್ದ ಚಾಪೆಯನ್ನು ಹಾಸಿದರೆ ಅದು ಮತ್ತೆ ಸುತ್ತಿಕೊಳ್ಳುವುದನ್ನು ಉದಾಹರಣೆಯಾಗಿ ಹೇಳುವುದುಂಟು. ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರನ್ನು ಒಂದೇ ಹೆಸರಿನ ಕೆಳಗೆ ಏಕೆ ಕೂಡಿಸಿದರು ಎಂದು ಜಾಣ ಹುಡುಗರು ಕೇಳುತ್ತಿದ್ದರು. ಮೋಟಾರ್ ಸೈಕಲ್ಲಿನ ಮೇಲಂತೂ ಮೂರೂ ಕೂಡಿಯೇ ಇರುವುವು: ಗಾಡಿಯಲ್ಲಿ ವೇಗ, ಸವಾರನಲ್ಲಿ ಭಾವನೆ, ಟೈರಿನಲ್ಲಿ ಸ್ಥಿತಿಸ್ಥಾಪಕ. ಇಪ್ಪತ್ತು ವರ್ಷಗಳ ಮೇಲೆ ಮರಳಿದವನಲ್ಲಿ ಭಾವನೆಯು ಉಳಿದಿರುತ್ತದೆ. ಗಾಡಿಯ ವೇಗವೂ ನಾಲ್ಕು ಒದೆತಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಟೈರಿನ ಸ್ಥಿತಿಸ್ಥಾಪಕವು ಮಾತ್ರ ಹೋಗಿರುತ್ತದೆ. ಅಪಾಯವಿರುವುದು ಈ ವಿಷಮತೆಯಲ್ಲಿ.

ನಮ್ಮೊಡನೆ ಬಹುಕಾಲ ಗಣಿತವನ್ನು ಕಲಿಸಿದ ಮಿತ್ರರೊಬ್ಬರ ಸಂಗತಿಯನ್ನು ಹೇಳುವೆವು. ಅವರ ಗಾಡಿಯು ಹನ್ನೆರಡು ವರ್ಷ ಕಾರ್ ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ನಿಲ್ಲಿಸುವುದಕ್ಕೆ ಸ್ವಲ್ಪ ಮೊದಲು ಎರಡು ಹೊಸ ಟೈರುಗಳನ್ನು ಹಾಕಿಸಿದ್ದರಾದುದರಿಂದ ಗ್ರಿಪ್ಪು ಒಂದಿಷ್ಟೂ ಸವೆದಿರಲಿಲ್ಲ. ಎಂಜಿನ್ನು, ಕಾರ್ಬ್ಯುರೇಟರು, ಬ್ರೇಕು ಎಲ್ಲವನ್ನೂ ಬಿಚ್ಚಿ ಸರಿಪಡಿಸಿ, ಟೈರುಗಳನ್ನು ತೊಳೆದು ಕರಿಯ ಹೊಳಪನ್ನು ಹಚ್ಚಿಸಿ ಹೊರಟರು. ಭರಣಿ ಮಳೆಯ ಮೊದಲ ಹನಿಗಳು ಬಿದ್ದ ಸಂಜೆ, ಮನೆಯಿಂದ ಮೂರು ಫರ್ಲಾಂಗು ದೂರದ ತಿರುವಿನಲ್ಲಿ, ಎತ್ತಿನ ಗಾಡಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಮುಂದಿನ ಚಕ್ರವು ಜಾರಿತು. ಸೊಂಟದ ಕೀಲು ಮುರಿಯಿತು. ಈಗಲೂ ಕೋಲಿಲ್ಲದೆ ನಡೆಯಲಾರರು, ಮೊಮ್ಮಗಳನ್ನು ಎತ್ತಿಕೊಳ್ಳಲಾರರು. ಟೈರಿನ ಪಕ್ಕದಲ್ಲಿ ಅದರ ಜನ್ಮಪತ್ರಿಕೆಯು ನಾಲ್ಕಂಕಿಗಳಲ್ಲಿ ಅಚ್ಚಾಗಿದ್ದಿತು. ಜೀವಮಾನವೆಲ್ಲ ಅಂಕಿಗಳನ್ನು ಬೋಧಿಸಿದವರಿಗೆ ಆ ನಾಲ್ಕರ ಅರ್ಥವನ್ನು ಯಾರೂ ಹೇಳಿರಲಿಲ್ಲ.

ಆ ಅರ್ಥವು ಬಹಳ ಸುಲಭ. ಟೈರಿನ ಪಕ್ಕದ ಗೋಡೆಯ ಮೇಲೆ ಸಣ್ಣದೊಂದು ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕಂಕಿಗಳಿರುವುವು. ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುವುವು. 3109 ಎಂದಿದ್ದರೆ ಅದು 2009ನೆಯ ಇಸವಿಯ 31ನೆಯ ವಾರದಲ್ಲಿ, ಎಂದರೆ ಆ ವರ್ಷದ ಜುಲೈ ಕೊನೆ ಅಥವಾ ಆಗಸ್ಟ್ ಮೊದಲಿನಲ್ಲಿ, ಹುಟ್ಟಿದ ಟೈರು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಪರೀಕ್ಷೆ ಮಾಡಿಸತಕ್ಕುದು. ಹತ್ತು ವರ್ಷ ದಾಟಿದ್ದರೆ ನೋಡಲು ಎಷ್ಟೇ ಸೊಗಸಾಗಿರಲಿ, ತೆಗೆದುಹಾಕತಕ್ಕುದು. ಈ ವಿಷಯದಲ್ಲಿ ದಾಕ್ಷಿಣ್ಯವು ಸಲ್ಲದು.

ನಿಂತಿದ್ದ ಟೈರು ಹಾಳಾಗುವುದೇಕೆ ಎಂದರೆ, ರಬ್ಬರಿನ ಮೆದುತನವೂ ಪುಟಿತವೂ ಸ್ವಭಾವಸಿದ್ಧವಾದುವಲ್ಲ, ಕಲ್ಪಿತವಾದುವು. ಮರದ ಹಾಲಿನಿಂದಾದ ಬರಿಯ ರಬ್ಬರು ಸೆಕೆಯಲ್ಲಿ ಅಂಟು, ಚಳಿಯಲ್ಲಿ ಕಲ್ಲು. 1839ರಲ್ಲಿ ಅಮೆರಿಕೆಯ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಅದಕ್ಕೆ ಗಂಧಕವನ್ನು ಸೇರಿಸಿ ಕಾಯಿಸಿ ಅದರ ಗುಣವನ್ನು ಸ್ಥಿರಗೊಳಿಸುವ ಕ್ರಮವನ್ನು ಕಂಡುಕೊಂಡನು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ಮಾಡಿ ಪೇಟೆಂಟನ್ನು ಪಡೆದನು. ಇಂದಿನ ಟೈರಿಗೆ ಇವಲ್ಲದೆ ಮೇಣವನ್ನೂ, ಗಾಳಿಯಲ್ಲಿನ ಓಜೋನಿನಿಂದ ರಬ್ಬರನ್ನು ಕಾಯುವ ಪದಾರ್ಥಗಳನ್ನೂ ಬೆರೆಸಿರುವರು. ಟೈರು ಉರುಳುತ್ತ ಬಾಗುತ್ತ ಇದ್ದರೆ ಇವು ಒಳಗಿನಿಂದ ಮೇಲಕ್ಕೆ ಬಂದು ಹೊರಮೈಯನ್ನು ಕಾಪಾಡುವುವು. ನಿಂತುಬಿಟ್ಟರೆ ಬರುವುದು ನಿಂತು, ರಬ್ಬರು ಗಟ್ಟಿಯಾಗಿ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳೇಳುವುವು. ಗಟ್ಟಿಯಾದ ರಬ್ಬರು ರಸ್ತೆಯ ತರಿಯೊಳಕ್ಕೆ ಇಳಿದು ಹಿಡಿಯಲಾರದು. ಚಕ್ರವೊಂದಕ್ಕೆ ನೆಲದ ಸ್ಪರ್ಶವಿರುವುದು ಹೆಚ್ಚೆಂದರೆ ಅಂಗೈಯಗಲ ಮಾತ್ರ. ಆ ಎರಡು ಅಂಗೈಗಳೂ ಕೊರಡಾದರೆ ಮಳೆಯ ಮೊದಲ ದಿನ, ರಸ್ತೆಯ ಧೂಳೂ ಎಣ್ಣೆಯೂ ನೀರಿನೊಡನೆ ಸೇರಿ ಲೋಳೆಯಾಗಿರುವಾಗ, ಏನಾಗುವುದೆಂಬುದನ್ನು ನಮ್ಮ ಮಿತ್ರರ ಕೋಲು ಹೇಳುತ್ತದೆ. ಅವರು ಹಚ್ಚಿಸಿದಂಥ ಹೊಳಪಿನ ಎಣ್ಣೆಯಂತೂ ನೆಲವನ್ನು ಮುಟ್ಟುವ ಭಾಗಕ್ಕೆ ಸೋಕಲೇಬಾರದು.

ಹೊಸ ಟೈರನ್ನು ಕೊಳ್ಳುವಾಗಲೂ ಆ ನಾಲ್ಕಂಕಿಗಳನ್ನು ಅಂಗಡಿಯಲ್ಲೇ ಓದಿನೋಡಬೇಕು. ಅಟ್ಟದ ಮೇಲೆ ಮೂರು ವರ್ಷ ಕುಳಿತದ್ದೂ ಹೊಸದೆಂಬ ಹೆಸರಿನಲ್ಲಿ ಮಾರಾಟವಾಗುವುದುಂಟು. ಅಳತೆಯನ್ನು 100/90-18 ಎಂಬಂತೆ ಬರೆದಿರುವರು: ಅಗಲ 100 ಮಿಲಿಮೀಟರು, ಎತ್ತರ ಅಗಲದ ನೂರಕ್ಕೆ 90 ಭಾಗ, ರಿಮ್ಮಿನ ಅಡ್ಡಳತೆ 18 ಅಂಗುಲ. ಹಳೆಯ ಗಾಡಿಗಳಲ್ಲಿ 3.25-19 ಎಂದು ಎರಡೂ ಅಂಗುಲಗಳಲ್ಲೇ ಇರುವುದುಂಟು. ಚಂದಕ್ಕಾಗಿ ಹೆಚ್ಚು ಅಗಲದ ಟೈರನ್ನು ತುರುಕಿಸುವ ಚಾಪಲ್ಯವು ಹುಡುಗರಿಗಿರಲಿ. ಕಡ್ಡಿ ಚಕ್ರದ ಹಳೆಯ ಗಾಡಿಗಳಿಗೆ ಟ್ಯೂಬು ಬೇಕೇ ಬೇಕು. ಟೈರಿನೊಡನೆ ಟ್ಯೂಬನ್ನೂ, ರಿಮ್ಮಿನೊಳಗೆ ಕಡ್ಡಿಗಳ ತಲೆಗಳನ್ನು ಮುಚ್ಚುವ ಪಟ್ಟಿಯನ್ನೂ ಹೊಸದಾಗಿ ಹಾಕಿಸಬೇಕು. ಹಳೆಯ ಟ್ಯೂಬು ಓಡುವಾಗ ಬಿರಿದರೆ ಗಾಳಿಯು ಒಮ್ಮೆಗೇ ಹೋಗಿಬಿಡುವುದು. ಟ್ಯೂಬಿಲ್ಲದ ಟೈರಿನಲ್ಲಿ ಮೊಳೆ ಚುಚ್ಚಿದರೂ ಗಾಳಿಯು ಸಾಮಾನ್ಯವಾಗಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಚಕ್ರವು ತಿರುಗುವ ದಿಕ್ಕಿಗೇ ಇರಬೇಕು. ಹೊಸ ರಬ್ಬರಿನ ಮೇಲ್ಮೈಯೂ ಮೊದಮೊದಲು ನುಣುಪು. 100-150 ಕಿಲೋಮೀಟರು ಓಡುವವರೆಗೆ ತಿರುವುಗಳಲ್ಲಿ ಗಾಡಿಯನ್ನು ಹೆಚ್ಚಾಗಿ ವಾಲಿಸಬಾರದು.

ಗಾಳಿಯನ್ನು ಹದಿನೈದು ದಿನಗಳಿಗೊಮ್ಮೆ, ಟೈರು ತಣ್ಣಗಿರುವಾಗ, ತಯಾರಕರು ಹೇಳಿರುವಷ್ಟೇ ತುಂಬಿಸಬೇಕು. ಪಂಕ್ಚರ್ ಅಂಗಡಿಯ ಹುಡುಗನು ಎಲ್ಲ ಗಾಡಿಗೂ ಒಂದೇ ಲೆಕ್ಕದಲ್ಲಿ ಹೊಡೆಯುವುದನ್ನು ಒಪ್ಪಕೂಡದು. ಗ್ರಿಪ್ಪಿನ ಆಳವು ದ್ವಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕೇಂದ್ರದ ಮೋಟಾರು ವಾಹನ ನಿಯಮವಿದೆ. ನಿಯಮವು ಕನಿಷ್ಠವನ್ನು ಹೇಳುತ್ತದೆಯೇ ಹೊರತು ಕ್ಷೇಮವನ್ನಲ್ಲ. ಮಳೆಗಾಲಕ್ಕೆ ಮುಂಚೆ ಅದರ ಎರಡರಷ್ಟಾದರೂ ಇರಲಿ.

ಇನ್ನು ಸವಾರನಲ್ಲಿರುವ ಭಾವನೆಯ ವಿಷಯ. ಹಿಂದಿನ ಬುಲೆಟ್ ಗಾಡಿಗಳಲ್ಲಿ ಗೇರು ಬಲಗಾಲಿಗೂ ಬ್ರೇಕು ಎಡಗಾಲಿಗೂ ಇದ್ದುವು. ಇಂದಿನವುಗಳಲ್ಲಿ ಅದು ತಿರುಗುಮುರುಗು. ಹಳೆಯ ಬುಲೆಟ್ಟಿನಲ್ಲಿ ಕಲಿತವನು ಹೊಸದನ್ನು ಕೊಂಡರೆ ಸಾವಕಾಶವಾಗಿ ಹೋಗುವಾಗ ಏನೂ ತೋರದು. ಮಗುವೊಂದು ಅಡ್ಡ ಬಂದಾಗ ಇಪ್ಪತ್ತು ವರ್ಷ ನಿದ್ರಿಸುತ್ತಿದ್ದ ಸಂಸ್ಕಾರವು ಫಕ್ಕನೆ ಎದ್ದು, ಎಡಗಾಲು ಗೇರನ್ನು ತುಳಿಯುವುದು. 60 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರು ಕ್ರಮಿಸುವೆವೆಂಬುದನ್ನು ನೆನೆದರೆ ಆ ಒಂದು ತಪ್ಪು ತುಳಿತದ ಬೆಲೆ ತಿಳಿದೀತು. ಜನಸಂಚಾರವಿಲ್ಲದ ಬಯಲಿನಲ್ಲಿ ನಾಲ್ಕು ಭಾನುವಾರ ಬ್ರೇಕು ಹಿಡಿಯುವುದನ್ನೇ ಅಭ್ಯಾಸ ಮಾಡಿ, ಮುಂದಿನ ಬ್ರೇಕನ್ನು ಮೆಲ್ಲನೆ ಒತ್ತುತ್ತ ಬಿಗಿಮಾಡುವುದನ್ನು ಕಲಿತೇ ರಸ್ತೆಗೆ ಬರತಕ್ಕುದು. ಗಾಡಿಯನ್ನು ತಡೆದಾಗ ಭಾರವು ಮುಂದಕ್ಕೆ ಸರಿಯುವುದರಿಂದ ನಿಲ್ಲಿಸುವ ಶಕ್ತಿಯು ಹೆಚ್ಚಾಗಿ ಮುಂದಿನ ಚಕ್ರದಲ್ಲಿದೆ.

ಕಾಗದಪತ್ರಗಳ ಮಾತನ್ನು ಎರಡೇ ವಾಕ್ಯಗಳಲ್ಲಿ ಮುಗಿಸುವೆವು. ಗಾಡಿಯ ನೋಂದಣಿಯು 15 ವರ್ಷಗಳ ಮೇಲೆ 5 ವರ್ಷಗಳಿಗೊಮ್ಮೆ ನವೀಕರಣವಾಗಬೇಕು. ಚಾಲನೆಯ ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ಕಳೆದಿದ್ದರೆ ಪರೀಕ್ಷೆಗೆ ಪುನಃ ಕುಳಿತುಕೊಳ್ಳಬೇಕು. ಆರ್.ಟಿ.ಓ. ಮೈದಾನದಲ್ಲಿ ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತು ಎಂಟರ ಆಕಾರವನ್ನು ಸುತ್ತುವುದಕ್ಕೆ ನಾಚುವ ನಿವೃತ್ತ ಉಪಾಧ್ಯಾಯರಿಗೆ, ತಾವು ಎಷ್ಟು ಮಕ್ಕಳನ್ನು ಪರೀಕ್ಷೆಯ ಹಲಗೆಯ ಮುಂದೆ ನಿಲ್ಲಿಸಿರುವರೆಂಬುದು ಜ್ಞಾಪಕಕ್ಕೆ ಬಂದರೆ ಸಾಕು. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ನೆಯ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಿರುವುದರಿಂದ, ಶ್ರೀರಂಗಪಟ್ಟಣದ ಕಡೆಗೆ ಹೊರಡುವವರು ಪಕ್ಕದ ಸರ್ವೀಸ್ ರಸ್ತೆಯನ್ನೇ ಹಿಡಿಯಬೇಕು.

ಕಳ್ಳತನದ ವಿಚಾರದಲ್ಲಿ ಗೃಹಸ್ಥರಿಗಿರುವ ದೊಡ್ಡ ಭ್ರಮೆಯೆಂದರೆ, ಸಂತೆಯಲ್ಲಿ ಭಯ, ಮನೆಯಲ್ಲಿ ಅಭಯ ಎಂಬುದು. ರಾತ್ರಿ ಎಂಟು ಗಂಟೆಗಳ ಕಾಲ ಒಂದೇ ಜಾಗದಲ್ಲಿ, ಎಲ್ಲರೂ ಮಲಗಿರುವಾಗ ನಿಂತಿರುವ ಗಾಡಿಗಿಂತ ಕಳ್ಳನಿಗೆ ಅನುಕೂಲವಾದದ್ದು ಬೇರೆ ಯಾವುದು? ಹ್ಯಾಂಡಲ್ ಲಾಕೊಂದನ್ನೇ ನಂಬುವುದು ಬಾಗಿಲಿಗೆ ಚಿಲಕವನ್ನು ಹಾಕಿ ಬೀಗವನ್ನು ಮರೆತಂತೆ. ಹಳೆಯ ಗಾಡಿಗಳ ಬೀಗಗಳಂತೂ ಸವೆದು ಸವೆದು ಯಾವ ಕೀಲಿಗಾದರೂ ಬಾಯಿಬಿಡುವ ಸ್ಥಿತಿಗೆ ಬಂದಿರುತ್ತವೆ, ಅವನ್ನು ಬದಲಾಯಿಸಬೇಕು. ಡಿಸ್ಕ್ ಬ್ರೇಕಿರುವ ಹೊಸ ಗಾಡಿಗೆ ಡಿಸ್ಕಿಗೆ ಸಿಕ್ಕಿಸುವ ಬೀಗವು ಒಳ್ಳೆಯದು. ಆದರೆ ಅದು ಇರುವುದನ್ನು ಮರೆತು ಗಾಡಿಯನ್ನು ಚಲಾಯಿಸಿದರೆ ಅಲ್ಲೇ ಉರುಳುವುದರಿಂದ, ಬೀಗದಿಂದ ಹ್ಯಾಂಡಲಿನವರೆಗೆ ಬಣ್ಣದ ದಾರವೊಂದನ್ನು ಕಟ್ಟಿಡಬೇಕು. ಎಲ್ಲಕ್ಕೂ ಉತ್ತಮವಾದದ್ದು ದಪ್ಪನಾದ ಗಟ್ಟಿ ಉಕ್ಕಿನ ಸರಪಣಿ. ಅದನ್ನು ಬರಿಯ ಚಕ್ರದೊಳಗೆ ತೂರಿಸಿದರೆ ಚಕ್ರವನ್ನು ಬಿಚ್ಚಿಟ್ಟು ಉಳಿದುದನ್ನು ಒಯ್ಯುವವರಿದ್ದಾರೆ. ಗಾಡಿಯ ಚೌಕಟ್ಟಿನ ಮೂಲಕ ತೂರಿಸಿ, ಕದಲದ ವಸ್ತುವಿಗೆ ಬಿಗಿಯಬೇಕು. ಸರಪಣಿಯೂ ಬೀಗವೂ ನೆಲಕ್ಕೆ ತಾಗದಂತೆ ಮೇಲಿರಲಿ; ನೆಲದ ಮೇಲೆ ಬಿದ್ದಿದ್ದರೆ ನೆಲವೇ ಸುತ್ತಿಗೆಯೇಟಿಗೆ ಅಡಿಗಲ್ಲಾಗುವುದು. ಗಾಡಿಯ ಮೇಲೊಂದು ಸಾದಾ ಹೊದಿಕೆಯಿರಲಿ. ಅದರೊಳಗಿರುವುದು ಯಾವುದೆಂದು ಹಾದುಹೋಗುವವನಿಗೆ ತಿಳಿಯಬೇಕಾದ ಅವಶ್ಯವಿಲ್ಲ. ಕೊಳ್ಳುವೆನೆಂದು ಬಂದು ಒಂದು ಸುತ್ತು ಓಡಿಸಿ ನೋಡುವೆನೆಂದು ಕೇಳುವ ಅಪರಿಚಿತನಿಗೆ, ಎಷ್ಟೇ ವಿನಯದಿಂದ ಮಾತನಾಡಿದರೂ, ಕೀಲಿಯನ್ನು ಕೊಡಬಾರದು.

ಇಷ್ಟಾದರೂ ಹೋದರೆ? ಕೂಡಲೇ 112ಕ್ಕೆ ತಿಳಿಸಿ, ಠಾಣೆಯಲ್ಲಿ ಎಫ್.ಐ.ಆರ್. ಮಾಡಿಸಿ, ವಿಮೆಯವರಿಗೂ ಅಂದೇ ತಿಳಿಸಬೇಕು. ಇತರರ ಹಾನಿಗೆ ಮಾತ್ರ ಮಾಡಿಸುವ ಥರ್ಡ್ ಪಾರ್ಟಿ ವಿಮೆಯಲ್ಲಿ ಕಳ್ಳತನಕ್ಕೆ ಕಾಸೂ ಬಾರದು. ಕಳ್ಳತನವನ್ನೂ ಒಳಗೊಂಡ ವಿಮೆಯಿದ್ದವರನ್ನು ಗಾಡಿಯ ಎರಡು ಮೂಲ ಕೀಲಿಗಳನ್ನೂ, ಗಾಡಿಯು ಪತ್ತೆಯಾಗಲಿಲ್ಲವೆಂದು ಪೊಲೀಸರು ಕೊಡುವ ಸಿ ರಿಪೋರ್ಟನ್ನೂ ಕೇಳುವರು. ಆದುದರಿಂದ ಎರಡನೆಯ ಕೀಲಿಯು ಎಲ್ಲಿದೆಯೆಂದು ಈ ಹೊತ್ತೇ ಹುಡುಕಿಡುವುದು ಒಳ್ಳೆಯದು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳ ಫೋಟೋವೂ, ಗಾಡಿಯ ಮೇಲಿನ ಗೀರು ತಗ್ಗುಗಳ ಫೋಟೋವೂ ಮನೆಯವರ ಫೋನಿನಲ್ಲಿರಲಿ. ಆರ್.ಸಿ. ಪುಸ್ತಕವನ್ನು ಸೀಟಿನ ಕೆಳಗೆ ಇಡುವ ಹಳೆಯ ವಾಡಿಕೆಯು ಕಳ್ಳನಿಗೆ ಗಾಡಿಯೊಡನೆ ದಕ್ಷಿಣೆಯನ್ನೂ ಕೊಟ್ಟಂತೆ.

ಸರಪಣಿಯನ್ನು ಕಟ್ಟುವುದಕ್ಕೆ ನಮ್ಮ ಮನೆಯಲ್ಲಿ, ತಾಯಿಯವರ ಕಾಲದಲ್ಲಿ ಹಸುವನ್ನು ಕಟ್ಟುತ್ತಿದ್ದ ಜಾಗದಲ್ಲೇ, ಒಂದು ಅಡಿ ಆಳದ ಕಾಂಕ್ರೀಟಿನಲ್ಲಿ ಕಬ್ಬಿಣದ ಬಳೆಯೊಂದನ್ನು ಹೂಳಿಸಿದೆವು. ಬಳೆಯ ಬುಡಕ್ಕೆ ಅಡ್ಡಲಾಗಿ ಒಂದು ಸಲಾಕೆಯನ್ನು ಬೆಸುಗೆ ಹಾಕಿಸಿರಬೇಕು. ಇಲ್ಲದಿದ್ದರೆ ಹಾರೆಗೆ ಕಿತ್ತುಬರುವುದು. ಗಾರೆಯವನು ಮಾರನೆಯ ದಿನವೇ ಗಾಡಿಯನ್ನು ಕಟ್ಟಬಹುದೆಂದು ಹೇಳಿದರೂ, ಒಂದು ವಾರ ನೀರುಣಿಸಿದ ಮೇಲೆಯೇ ಅದಕ್ಕೆ ಸರಪಣಿಯನ್ನು ಬಿಗಿಯತಕ್ಕುದು.