ವಿರೋಧೀ ಹಿಂಸೆಯೆಂಬ ನೆಪ

ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯ, ಆದುದರಿಂದ ಯುದ್ಧವೂ ಧರ್ಮಸಮ್ಮತವೇ ಎಂದು ವಾದಿಸುವ ಶ್ರಾವಕರು ನಮ್ಮಲ್ಲಿಯೂ ಇದ್ದಾರೆ. ಅಂಥವರು ಫ್ರಾನ್ಸಿನ ವೆರ್ಡನ್ ನಗರದ ಬಳಿಯಿದ್ದ ಫ್ಲೂರಿ ಎಂಬ ಹಳ್ಳಿಯ ಗತಿಯನ್ನು ಅರಿಯುವುದು ಒಳಿತು.

ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಅಲ್ಲಿ ಸುಮಾರು 400 ಜನರಿದ್ದರು. 1916ರ ಫೆಬ್ರವರಿಯಲ್ಲಿ ಜರ್ಮನ್ ಸೇನೆ ವೆರ್ಡನ್ ಮೇಲೆ ದಾಳಿಯಿಟ್ಟಿತು. ಜನ ಊರು ತೊರೆದರು. ಜೂನ್‌ನಿಂದ ಆಗಸ್ಟ್‌ವರೆಗೆ ಆ ಹಳ್ಳಿಯನ್ನು ಉಭಯ ಸೇನೆಗಳೂ ಹಿಡಿದು, ಕಳೆದುಕೊಂಡು, ಮತ್ತೆ ಹಿಡಿದವು. ಹೀಗೆ ಅದರ ಸ್ವಾಮ್ಯ 16 ಬಾರಿ ಬದಲಾಯಿತು. ಕೊನೆಗೆ ಫ್ರೆಂಚರು ಗೆದ್ದರು. ಗೆದ್ದುದಾದರೂ ಏನನ್ನು? ಮನೆಯಿಲ್ಲ, ಹೊಲವಿಲ್ಲ, ಫಿರಂಗಿ ಗುಂಡುಗಳು ತೋಡಿದ ಕುಳಿಗಳು ಮಾತ್ರ. ಊರನ್ನು ಮತ್ತೆ ಕಟ್ಟಲೇ ಇಲ್ಲ. ಇಂದಿಗೂ ಅದಕ್ಕೊಬ್ಬ ಮೇಯರ್ ಇದ್ದಾರೆ. ನಿವಾಸಿ ಒಬ್ಬನೂ ಇಲ್ಲ.

ದಾಳಿಯನ್ನು ತಡೆದವನದು ವಿರೋಧೀ ಹಿಂಸೆಯೆಂದೇ ಒಪ್ಪೋಣ. ಆ ದಿಬ್ಬವನ್ನು ಬಿಟ್ಟರೆ ವೆರ್ಡನ್ ಉಳಿಯದೆಂಬ ಸಮರ್ಥನೆಯೂ ಇದೆ. ಆದರೆ ವಿರೋಧೀ ಹಿಂಸೆ ಗೃಹಸ್ಥನ ದೌರ್ಬಲ್ಯಕ್ಕೆ ಇತ್ತ ವಿನಾಯಿತಿಯೇ ಹೊರತು ಪುಣ್ಯವಲ್ಲ. ವಿನಾಯಿತಿಯನ್ನೇ ಬಂಡವಾಳ ಮಾಡಿಕೊಂಡವನು ಲೆಕ್ಕ ತಪ್ಪುತ್ತಾನೆ. ರಕ್ಷಿಸಹೊರಟ ಊರೇ ಅಳಿದ ಮೇಲೂ ಅದನ್ನು ಧರ್ಮವೆಂದು ಕೊಂಡಾಡುವುದು ಮಾನಕಷಾಯದ ಮಾತು. ನೆಲದ ಮೇಲಿನ ಮಮಕಾರವೂ ಪರಿಗ್ರಹವೇ.

ಭರತ-ಬಾಹುಬಲಿಯರ ಕಲಹದಲ್ಲಿ ಮಂತ್ರಿಗಳು ಸೇನೆಗಳನ್ನು ದೂರವಿರಿಸಿದರು, ಸೋದರರಿಬ್ಬರೇ ಸೆಣಸಿದರು. ಗೆದ್ದ ಬಾಹುಬಲಿ ಗೆದ್ದ ನೆಲವನ್ನೇ ತ್ಯಜಿಸಿದನು. ಆತನಿಗೆ ಅಭಿಷೇಕ ಮಾಡುವ ಕೈಗಳು ಯುದ್ಧದ ಜಯಘೋಷಕ್ಕೆ ಮೇಲೇಳಬಾರದು.