ಓಡಿದರೆ ಸಾಲದು, ಓದುವಂತಿರಬೇಕು

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತ ಲೆಕ್ಕಪತ್ರ ಗುಮಾಸ್ತರೊಬ್ಬರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರು ದುಡಿದ ಸಂಸ್ಥೆಯಲ್ಲಿ ನೌಕರರ ಗ್ರಾಚ್ಯುಟಿ ಲೆಕ್ಕ ಹಾಕುವ ತಂತ್ರಾಂಶವನ್ನು ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟವನು ನಾನು. ತಮಗೆ ಬರಬೇಕಾದ ಮೊತ್ತದಲ್ಲಿ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಗಿದೆ ಎಂಬುದು ಅವರ ದೂರು. ಕಚೇರಿಯವರು ‘ಅದು ಕಂಪ್ಯೂಟರ್ ಲೆಕ್ಕ, ತಪ್ಪಾಗುವ ಪ್ರಶ್ನೆಯೇ ಇಲ್ಲ’ ಎಂದು ಸಾಗಹಾಕಿದ್ದರು. ಅವರು ನನ್ನೆದುರು ಒಂದು ಹಾಳೆ ಇಟ್ಟು, ‘ತಪ್ಪು ಎಲ್ಲಿದೆ ಅಂತ ತೋರಿಸಿಕೊಡಿ ಸಾರ್. ನನ್ನ ಲೆಕ್ಕವೇ ತಪ್ಪಾದರೆ ಸುಮ್ಮನೆ ಮನೆಗೆ ಹೋಗುತ್ತೇನೆ’ ಎಂದರು.

ಆ ಹಾಳೆಯನ್ನು ನಾನು ಇಂದಿಗೂ ಮರೆತಿಲ್ಲ. ಮೊದಲ ಶಾಖೆಯಲ್ಲಿ 9 ವರ್ಷ, ಎರಡನೆಯದರಲ್ಲಿ 22 ವರ್ಷ, ಒಟ್ಟು ಸೇವೆ 31 ವರ್ಷ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಇಷ್ಟು. ಅದನ್ನು 26ರಿಂದ ಭಾಗಿಸಿದರೆ ಒಂದು ದಿನದ ವೇತನ. 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಗೆ ಸಲ್ಲುವ ಗ್ರಾಚ್ಯುಟಿ. ಅದನ್ನು 31ರಿಂದ ಗುಣಿಸಿದರೆ ಒಟ್ಟು ಮೊತ್ತ. ಪ್ರತಿ ಹಂತಕ್ಕೂ ಒಂದು ಸಾಲು, ಪ್ರತಿ ಸಾಲಿನ ಎದುರಿಗೆ ಅದೇನೆಂಬುದರ ವಿವರ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯನ್ನು ಓದಿರದವರಿಗೂ ಆ ಹಾಳೆ ಅರ್ಥವಾಗುತ್ತಿತ್ತು.

ಅರ್ಥವಾಗದೇ ಹೋದದ್ದು ನಾನು ಬರೆದ ಕೋಡ್. ಸುಮಾರು 600 ಸಾಲುಗಳ ಒಂದೇ ಫಂಕ್ಷನ್. ವೇತನಕ್ಕೆ ‘ಎಸ್’, ವರ್ಷಕ್ಕೆ ‘ವೈ’, ಆಮೇಲೆ ‘ಟೆಂಪ್’, ‘ಟೆಂಪ್2’, ‘ಫೈನಲ್’, ಅದಕ್ಕೂ ಮುಂದೆ ‘ಫೈನಲ್2’. ಎಲ್ಲೆಂದರಲ್ಲಿ 15 ಮತ್ತು 26; ಏಕೆ ಎಂಬ ವಿವರ ಎಲ್ಲಿಯೂ ಇಲ್ಲ. ನಾನೇ ಬರೆದದ್ದನ್ನು ನಾನೇ ಬಿಡಿಸಿಕೊಳ್ಳಲು ಎರಡು ದಿನ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಇಷ್ಟು: ಮೊದಲ ಶಾಖೆಯ ಹಳೆಯ ದಾಖಲೆಗಳಲ್ಲಿ ದಿನಾಂಕ ಬರೆಯುವ ಕ್ರಮ ಬೇರೆಯಿತ್ತು. ಅದನ್ನು ಓದಲಾಗದೆ ಪ್ರೋಗ್ರಾಮ್ ದೋಷವನ್ನು ವರದಿ ಮಾಡುತ್ತಿತ್ತು. ತಂತ್ರಾಂಶವನ್ನು ಒಪ್ಪಿಸುವ ಹಿಂದಿನ ರಾತ್ರಿ ನಾನು ಆ ವರದಿಯ ಬಾಯಿ ಮುಚ್ಚಿಸಿದ್ದೆ. ಪೈಥಾನಿನಲ್ಲಿ ಅದಕ್ಕೆ ‘ಎಕ್ಸೆಪ್ಟ್’, ‘ಪಾಸ್’ ಎಂಬ ಎರಡು ಪುಟ್ಟ ಸಾಲು ಸಾಕು. ಏನೇ ತಪ್ಪು ಎದುರಾದರೂ ಸುಮ್ಮನೆ ಮುಂದೆ ಹೋಗು ಎಂದು ಅದರ ಅರ್ಥ. ಪ್ರೋಗ್ರಾಮ್ ನಾಲ್ಕು ವರ್ಷ ಸೊಗಸಾಗಿ ಓಡಿತು. ಅಲ್ಲಿ ಮನುಷ್ಯನೊಬ್ಬನ 9 ವರ್ಷದ ದುಡಿಮೆ ಸೊನ್ನೆಯಾಗಿತ್ತು.

ಇದರ ವಿಪರ್ಯಾಸ ತಿಳಿಯಬೇಕಾದರೆ ಪೈಥಾನಿನ ಹುಟ್ಟನ್ನು ನೆನೆಯಬೇಕು. ನೆದರ್ಲೆಂಡ್ಸ್‌ನ ಗೈಡೋ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಆರಂಭಿಸಿ, 1991ರಲ್ಲಿ ಲೋಕದ ಮುಂದಿಟ್ಟ ಭಾಷೆ ಇದು. ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಬ್ರಿಟನ್ನಿನ ‘ಮಾಂಟಿ ಪೈಥಾನ್’ ಹಾಸ್ಯ ಕಾರ್ಯಕ್ರಮದಿಂದ. ಓದುವವರಿಗೆ ಸುಲಭವಾಗಿರಬೇಕು ಎಂಬ ಹಂಬಲ ಈ ಭಾಷೆಯ ವ್ಯಾಕರಣದಲ್ಲಿಯೇ ಇದೆ. ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ ಇತರ ಹಲವು ಭಾಷೆಗಳಲ್ಲಿ ಬರೆಯುವವರ ಇಚ್ಛೆಗೆ ಬಿಟ್ಟದ್ದು. ಇಲ್ಲಿ ಅದು ಕಡ್ಡಾಯ. 2001ರಲ್ಲಿ ರೂಪುಗೊಂಡ ‘ಪೆಪ್ 8’ ಎಂಬ ಬರವಣಿಗೆಯ ಕೈಪಿಡಿ ಆ ಜಾಗ ನಾಲ್ಕು ಅಕ್ಷರಗಳಷ್ಟಿರಲಿ, ಸಾಲು 79 ಅಕ್ಷರ ಮೀರದಿರಲಿ ಎಂದೆಲ್ಲ ಸೂಚಿಸುತ್ತದೆ. ಕೋಡನ್ನು ಬರೆಯುವುದಕ್ಕಿಂತ ಓದುವುದೇ ಹೆಚ್ಚು ಎಂಬ ತಿಳಿವಳಿಕೆ ಈ ಎಲ್ಲ ನಿಯಮಗಳ ತಳಹದಿ. ಪೈಥಾನಿನ ಆಶಯಗಳನ್ನು ಚುಟುಕು ಸೂತ್ರಗಳಲ್ಲಿ ಹಿಡಿದಿಟ್ಟ ಟಿಮ್ ಪೀಟರ್ಸ್ ಕೂಡ, ತಪ್ಪುಗಳು ಸದ್ದಿಲ್ಲದೆ ದಾಟಿಹೋಗಬಾರದು ಎಂದು ಎಚ್ಚರಿಸಿದ್ದಾರೆ. ನಾನು ಮಾಡಿದ್ದು ಅದಕ್ಕೆ ತೀರ ವಿರುದ್ಧವಾದದ್ದು.

ಹಾಗಾದರೆ ಒಳ್ಳೆಯ ಕೋಡ್ ಎಂದರೇನು? ಅದರಲ್ಲಿ ನಿಗೂಢವಾದದ್ದೇನೂ ಇಲ್ಲ. ಗುಮಾಸ್ತರ ಹಾಳೆಯೇ ಮಾದರಿ. ವೇತನಕ್ಕೆ ‘ಎಸ್’ ಎನ್ನುವ ಬದಲು ‘ಕೊನೆಯ ತಿಂಗಳ ವೇತನ’ ಎಂದೇ ಹೆಸರಿಡಬೇಕು. ಸೇವಾವಧಿಯನ್ನು ಎಣಿಸುವುದು ಒಂದು ಫಂಕ್ಷನ್, ಮೊತ್ತ ಲೆಕ್ಕ ಹಾಕುವುದು ಇನ್ನೊಂದು, ಪತ್ರ ಮುದ್ರಿಸುವುದು ಮತ್ತೊಂದು. ಒಂದೊಂದಕ್ಕೂ ಒಂದೇ ಕೆಲಸ. 15, 26ರಂತಹ ಅಂಕಿಗಳಿಗೆ ಹೆಸರು ಕೊಟ್ಟು ಒಂದೇ ಕಡೆ ಇಡಬೇಕು. ಗ್ರಾಚ್ಯುಟಿಯ ಗರಿಷ್ಠ ಮಿತಿ 2018ರಲ್ಲಿ 10 ಲಕ್ಷದಿಂದ 20 ಲಕ್ಷ ರೂಪಾಯಿಗೆ ಏರಿತು. ಆ ಅಂಕಿಯನ್ನು ಒಂದು ಕಡೆ ಇಟ್ಟವರು ಒಂದು ಸಾಲು ತಿದ್ದಿದರು. ಹತ್ತು ಕಡೆ ಚೆಲ್ಲಿದವರು ಹತ್ತೂ ಕಡೆ ಹುಡುಕಬೇಕಾಯಿತು, ಒಂದು ಕಡೆ ಮರೆತರೂ ಯಾರದೋ ಹಣ ಕಡಿಮೆಯಾಯಿತು. ಓದಲಾಗದ ದಿನಾಂಕ ಎದುರಾದರೆ ಪ್ರೋಗ್ರಾಮ್ ಅಲ್ಲಿಯೇ ನಿಂತು, ಯಾವ ನೌಕರರ ಯಾವ ದಾಖಲೆ ಎಂದು ಕೂಗಿ ಹೇಳಬೇಕು. ಕೊನೆಯದಾಗಿ, ಕೈಯಲ್ಲಿ ಲೆಕ್ಕ ಹಾಕಿ ತಿಳಿದ ಕೆಲವು ಉತ್ತರಗಳೊಂದಿಗೆ ಪ್ರೋಗ್ರಾಮಿನ ಉತ್ತರವನ್ನು ಹೋಲಿಸಿ ನೋಡುವ ಪರೀಕ್ಷೆಗಳು ಕೋಡಿನ ಜೊತೆಗೇ ಇರಬೇಕು.

ಇದು ನನ್ನೊಬ್ಬನ ಎಡವಟ್ಟು ಎಂದು ತಳ್ಳಿಹಾಕುವಂತಿಲ್ಲ. ಅಣುಗಳ ರಚನೆ ಗುರುತಿಸಲು ನೆರವಾಗುವ ಕೆಲವು ಪೈಥಾನ್ ಪ್ರೋಗ್ರಾಮುಗಳು 2014ರಲ್ಲಿ ಪ್ರಕಟವಾದವು. ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳು ಅವನ್ನು ಅವಲಂಬಿಸಿದ್ದವು. ಅದೇ ಪ್ರೋಗ್ರಾಮ್, ಅದೇ ಮಾಹಿತಿ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಬೇರೆ ಬೇರೆ ಉತ್ತರ ಕೊಡಬಲ್ಲದು ಎಂಬುದನ್ನು 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಕಾರಣ ತೀರ ಸಣ್ಣದು. ಕಡತಗಳು ಯಾವಾಗಲೂ ಒಂದೇ ಅನುಕ್ರಮದಲ್ಲಿ ಸಿಗುತ್ತವೆ ಎಂದು ಕೋಡ್ ನಂಬಿತ್ತು. ವಾಸ್ತವವಾಗಿ ಆ ಅನುಕ್ರಮ ಆಯಾ ಕಾರ್ಯಾಚರಣಾ ವ್ಯವಸ್ಥೆಯನ್ನು ಅವಲಂಬಿಸಿರುತ್ತದೆ. ಕಡತಗಳನ್ನು ಮೊದಲು ಜೋಡಿಸಿಕೋ ಎಂಬ ಒಂದು ಪದ ಸಾಕಿತ್ತು. ಬರೆದವರ ಮನಸ್ಸಿನಲ್ಲಿದ್ದ ನಂಬಿಕೆ ಕೋಡಿನಲ್ಲಿ ಕಾಣಿಸಿದ್ದರೆ ಯಾರಾದರೊಬ್ಬರು ಮೊದಲೇ ಅದನ್ನು ಪ್ರಶ್ನಿಸುತ್ತಿದ್ದರು.

ಇನ್ನೊಂದು ಪ್ರಸಂಗ ಪೈಥಾನಿನದಲ್ಲವಾದರೂ ಹೇಳದೆ ವಿಧಿಯಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ಬಳಸಿದ ‘ಹೊರೈಜನ್’ ತಂತ್ರಾಂಶ ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಅದನ್ನು ನಂಬಿ 900ಕ್ಕೂ ಹೆಚ್ಚು ಉಪ ಅಂಚೆಪಾಲಕರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಕೆಲವರು ಜೈಲು ಸೇರಿದರು. ಆ ತಂತ್ರಾಂಶದ ಕೋಡ್ ಕಳಪೆ ಎಂದು ಅದನ್ನು ತಯಾರಿಸಿದ ಕಂಪನಿಯ 1998ರ ಆಂತರಿಕ ವರದಿಯೇ ಹೇಳಿತ್ತೆಂಬುದು ಸಾರ್ವಜನಿಕ ವಿಚಾರಣೆಯಲ್ಲಿ ಬಯಲಾಯಿತು. ಆ ವರದಿಯಲ್ಲಿದ್ದ ಒಂದು ನಿದರ್ಶನ: ಸಂಖ್ಯೆಯೊಂದರ ಚಿಹ್ನೆ ಬದಲಿಸಲು ಹಿಂದೊಂದು ಮೈನಸ್ ಇಟ್ಟರೆ ಸಾಕು. ಅಲ್ಲಿ ಸಂಖ್ಯೆಯನ್ನು ಇಮ್ಮಡಿಸಿ, ಅದನ್ನು ಅದೇ ಸಂಖ್ಯೆಯಿಂದ ಕಳೆಯಲಾಗಿತ್ತು. ಉತ್ತರ ಸರಿಯೇ. ಆದರೆ ಇಷ್ಟು ಸರಳವಾದುದನ್ನು ಹೀಗೆ ಬರೆದವರು ಕಷ್ಟವಾದುದನ್ನು ಹೇಗೆ ಬರೆದಿರಬಹುದು? ಅಮಾಯಕರು ಜೈಲಿಗೆ ಹೋದದ್ದು ಕೆಟ್ಟ ಕೋಡೊಂದರಿಂದಲೇ ಅಲ್ಲ. ತಪ್ಪನ್ನು ಒಪ್ಪಿಕೊಳ್ಳದ ಆಡಳಿತದ ಪಾಲು ಅದರಲ್ಲಿ ದೊಡ್ಡದು. ಆದರೆ ‘ಕಂಪ್ಯೂಟರ್ ಲೆಕ್ಕ ತಪ್ಪಾಗುವುದಿಲ್ಲ’ ಎಂಬ ಮಾತಿಗೆ ಓದಲಾಗದ ಕೋಡಿನಂತಹ ಆಸರೆ ಬೇರೊಂದಿಲ್ಲ.

ಇಂತಹ ಮಾತಿಗೆ ಉದ್ಯಮದಲ್ಲಿ ಸಿಗುವ ಉತ್ತರ ಗೊತ್ತಿದ್ದದ್ದೇ. ಗ್ರಾಹಕ ಹಣ ಕೊಡುವುದು ಕೆಲಸಕ್ಕೆ, ಅಂದಕ್ಕಲ್ಲ, ಗಡುವು ಹತ್ತಿರವಿದೆ, ಆಮೇಲೆ ಸರಿಪಡಿಸೋಣ. ಆ ‘ಆಮೇಲೆ’ ಬರುವುದೇ ಇಲ್ಲ ಎಂಬುದು ನನ್ನ ಇಷ್ಟು ವರ್ಷಗಳ ಅನುಭವ. ಇದಕ್ಕೆ ವಿರುದ್ಧವಾದ ಅತಿರೇಕವೂ ಇದೆ. ಸಾಲು 79 ಅಕ್ಷರ ದಾಟಿತೆಂದು ಸಹೋದ್ಯೋಗಿಯನ್ನು ಹೀಯಾಳಿಸುವವರು, ಹತ್ತು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಹತ್ತು ಕಡತ ಸೃಷ್ಟಿಸುವವರು ಇದ್ದಾರೆ. ನಮ್ಮ ಹಿರಿಯರಿಗೆ ಮಡಿ ಬೇರೆ, ಶುಚಿ ಬೇರೆ ಎಂಬುದು ತಿಳಿದಿತ್ತು. ‘ಪೆಪ್ 8’ ಕೂಡ ನಿಯಮಗಳಿಗೆ ಕುರುಡಾಗಿ ಜೋತುಬೀಳಬೇಡಿ ಎಂದೇ ಹೇಳುತ್ತದೆ. ಸಾಲುಗಳನ್ನು ಓರಣವಾಗಿ ಜೋಡಿಸುವ ಕೆಲಸವನ್ನು ಈಗ ‘ಬ್ಲ್ಯಾಕ್’ನಂತಹ ಸಾಧನಗಳು ಕ್ಷಣದಲ್ಲಿ ಮಾಡುತ್ತವೆ. ಆದರೆ ‘ಟೆಂಪ್2’ ಎಂದರೆ ಏನೆಂದು ಯಾವ ಸಾಧನವೂ ಹೇಳಲಾರದು. ಅದನ್ನು ಬರೆದವರೇ ಹೇಳಬೇಕು.

ಈ ಅಭ್ಯಾಸದ ಬೇರು ನಮ್ಮ ಶಿಕ್ಷಣದಲ್ಲಿದೆ. ಇಂದು ಸಿಬಿಎಸ್‌ಇ ಹನ್ನೊಂದು, ಹನ್ನೆರಡನೇ ತರಗತಿಗಳಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳವರೆಗೆ ಪೈಥಾನ್ ಪಠ್ಯವಾಗಿದೆ. ಸಂತೋಷ. ಆದರೆ ಎಷ್ಟೋ ಪ್ರಯೋಗಾಲಯಗಳಲ್ಲಿ ನಡೆಯುವುದೇನು? ರೆಕಾರ್ಡ್ ಪುಸ್ತಕಕ್ಕೆ ಪ್ರೋಗ್ರಾಮ್ ನಕಲು ಮಾಡುವುದು, ಪರೀಕ್ಷೆಗೆ ಬಾಯಿಪಾಠ ಮಾಡುವುದು, ಪರದೆಯ ಮೇಲೆ ಔಟ್‌ಪುಟ್ ಬಂದರೆ ಅಂಕ ಪಡೆಯುವುದು. ಆ ಪ್ರೋಗ್ರಾಮನ್ನು ಮತ್ತೊಬ್ಬರು ಓದುತ್ತಾರೆ ಎಂಬ ಕಲ್ಪನೆಯೇ ವಿದ್ಯಾರ್ಥಿಗೆ ಇರುವುದಿಲ್ಲ. ಕನ್ನಡ ಪ್ರಬಂಧದಲ್ಲಿ ಕಾಗುಣಿತಕ್ಕೂ ವಾಕ್ಯರಚನೆಗೂ ಅಂಕ ಕಳೆಯುವ ನಾವು, ಇಲ್ಲಿ ಬರವಣಿಗೆಯನ್ನು ಬರವಣಿಗೆಯೆಂದೇ ಪರಿಗಣಿಸುವುದಿಲ್ಲ.

ಬೆಂಗಳೂರಿಗಂತೂ ಇದು ಹೊಸ ಪಾಠವಾಗಬಾರದಿತ್ತು. 2000ದ ಹೊಸ್ತಿಲಲ್ಲಿ ‘ವೈ2ಕೆ’ ಸಮಸ್ಯೆ ಎದುರಾದಾಗ, ಪರದೇಶದವರು ದಶಕಗಳ ಹಿಂದೆ ಬರೆದಿಟ್ಟ ಕೋಬಾಲ್ ಕೋಡನ್ನು ಸಾಲುಸಾಲಾಗಿ ಓದಿ ತಿದ್ದಿದವರಲ್ಲಿ ಈ ಊರಿನ ಎಂಜಿನಿಯರುಗಳೂ ಇದ್ದರು. ಇತರರ ಗೋಜಲು ಬರವಣಿಗೆಯನ್ನು ಬಿಡಿಸುವ ಸಂಕಟ ನಮ್ಮಷ್ಟು ಬಲ್ಲವರು ಕಡಿಮೆ. ಹಾಗಿದ್ದೂ ಮುಂದಿನವರಿಗೆ ಅದೇ ಗೋಜಲನ್ನು ಬಿಟ್ಟುಹೋಗುತ್ತಿದ್ದೇವೆ. ಪರಿಹಾರ ದುಬಾರಿಯದೇನಲ್ಲ. ವಿದ್ಯಾರ್ಥಿಗೆ ಸಹಪಾಠಿಯ ಪ್ರೋಗ್ರಾಮ್ ಕೊಟ್ಟು ಓದಿ ವಿವರಿಸಲು ಹೇಳೋಣ. ಕಳೆದ ಸೆಮಿಸ್ಟರಿನಲ್ಲಿ ತಾನೇ ಬರೆದದ್ದಕ್ಕೆ ಈ ಸೆಮಿಸ್ಟರಿನಲ್ಲಿ ಒಂದು ಬದಲಾವಣೆ ಸೇರಿಸಲು ಹೇಳೋಣ. ಕಂಪನಿಗಳು ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ಒಪ್ಪದ ಹೊರತು ಬಳಕೆಗೆ ಬಿಡದಿರಲಿ.

ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುತ್ತದೆ, ಇನ್ನು ಈ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ನನಗೆ ಕಾಣುವುದು ಇದರ ವಿರುದ್ಧ. ಬರೆಯುವ ಶ್ರಮ ಕಡಿಮೆಯಾದಷ್ಟೂ ಓದಿ ಪರಿಶೀಲಿಸುವ ಹೊಣೆ ಹೆಚ್ಚುತ್ತದೆ. ಯಂತ್ರ ಬರೆದ 600 ಸಾಲಿನಲ್ಲಿಯೂ ತಪ್ಪಿನ ಬಾಯಿ ಮುಚ್ಚಿಸುವ ಆ ಎರಡು ಸಾಲು ಅಡಗಿರಬಹುದು. ಬಂದವರ ಎದುರು ಉತ್ತರ ಹೇಳಬೇಕಾದವರು ಆಗಲೂ ನಾವೇ.

ಗುಮಾಸ್ತರಿಗೆ ಬಾಕಿ ಹಣ ಸಂದಾಯವಾಯಿತು. ಮೊದಲ ಶಾಖೆಯಲ್ಲಿ ದುಡಿದ ಇನ್ನೂ ಕೆಲವರ ಲೆಕ್ಕ ಹೀಗೆಯೇ ತಪ್ಪಿತ್ತು. ಅವರಲ್ಲಿ ಯಾರೂ ಕೇಳಲು ಬಂದಿರಲಿಲ್ಲ. ಹುಡುಕಿ ಅವರಿಗೂ ಕೊಡಿಸಬೇಕಾಯಿತು. ಆ ಪ್ರೋಗ್ರಾಮನ್ನು ನಾನು ಹೊಸದಾಗಿ ಬರೆದೆ. ಮೊದಲು ಬರೆದದ್ದು ಲೆಕ್ಕವನ್ನಲ್ಲ, ಪರೀಕ್ಷೆಯನ್ನು. ಅದರಲ್ಲಿರುವುದು ಅವರು ತಂದಿದ್ದ ಹಾಳೆಯ ಅಂಕಿಗಳು: 9 ವರ್ಷ, 22 ವರ್ಷ, ಒಟ್ಟು 31. ಆ ಮೊತ್ತ ಬಾರದಿದ್ದರೆ ಪ್ರೋಗ್ರಾಮ್ ಮುಂದೆ ಹೋಗುವುದಿಲ್ಲ.